ಅರ್ಧ ಎಲ್ಫ್, ಅರ್ಧ ಮನುಷ್ಯ

ನನ್ನ ಅವ್ವ ಒಂದು ಜಾತಿ, ಅಪ್ಪ ಒಂದು ಜಾತಿ. ಊರಿಗೆಲ್ಲ ಗೊತ್ತಿರುವ ವಿಷಯ, ಬರೆಯೋಕೆ ನಾಚಿಕೆ ಏನಿಲ್ಲ. ಮದುವೆ ಮನೆಗೆ ಹೋದರೆ ಸಾಕು, ಯಾರಾದರೂ ಒಬ್ಬರು "ನೀನು ಯಾರ ಕಡೆ?" ಅಂತ ಕೇಳೇ ಕೇಳ್ತಾರೆ. ಈ ಪ್ರಶ್ನೆಯ ಮೇಲೇ ನಿಂತ ಒಂದು ಕಥೆ ಓದಿದೆ.

ಇಂಗ್ಲೆಂಡಿನ ಜೆ. ಆರ್. ಆರ್. ಟೋಲ್ಕೀನ್ ಬರೆದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954-55ರಲ್ಲಿ ಮೂರು ಭಾಗವಾಗಿ ಬಂತು. ಅದರ ಹಿಂದಿನ ಕಾಲದ ಕಥೆಗಳಿರುವ 'ದಿ ಸಿಲ್ಮರಿಲಿಯನ್' ಅವರು ತೀರಿಕೊಂಡ ಮೇಲೆ, 1977ರಲ್ಲಿ ಬಂತು. ಆ ಲೋಕದಲ್ಲಿ ಎಲ್ಫ್ ಎಂಬ ಜನ ಇದ್ದಾರೆ. ಅವರಿಗೆ ಮುಪ್ಪಿನ ಸಾವು ಇಲ್ಲ. ಮನುಷ್ಯರು ಮಾತ್ರ ನಮ್ಮ ಹಾಗೇ ಹುಟ್ಟಿ ಸಾಯುವವರು. ಇಬ್ಬರ ನಡುವೆ ಮದುವೆ ಬಲು ಅಪರೂಪ. ಬೆರೆನ್ ಎಂಬ ಮನುಷ್ಯ ಎಲ್ಫ್ ರಾಜಕುಮಾರಿ ಲೂಥಿಯೆನ್‌ಳನ್ನು ಮದುವೆಯಾದ. ಟುವೊರ್ ಎಂಬ ಇನ್ನೊಬ್ಬ ಇಡ್ರಿಲ್‌ಳನ್ನು ಮದುವೆಯಾದ. ಮೊದಲ ಜೋಡಿಯ ಮೊಮ್ಮಗಳಿಗೂ ಎರಡನೇ ಜೋಡಿಯ ಮಗನಿಗೂ ಅವಳಿ ಮಕ್ಕಳು ಹುಟ್ಟಿದರು: ಎಲ್ರಾಂಡ್, ಎಲ್ರೋಸ್.

ಇಲ್ಲೇ ನೋಡಿ ವಿಶೇಷ. ಯಾವ ಜನಕ್ಕೆ ಸೇರ್ತೀರಿ ಅಂತ ಆ ಲೋಕದ ದೇವತೆಗಳು ಅವರನ್ನೇ ಕೇಳಿದರು. ಎಲ್ರಾಂಡ್ ಎಲ್ಫ್ ಆದ. ಉಂಗುರದ ಕಥೆ ನಡೆಯುವಾಗ ಅವನಿಗೆ ಆರು ಸಾವಿರ ವರ್ಷ ದಾಟಿತ್ತು. ಎಲ್ರೋಸ್ ಮನುಷ್ಯನಾದ, ನೂಮೆನೋರ್ ನಾಡಿನ ಮೊದಲ ದೊರೆಯಾಗಿ 500 ವರ್ಷ ಬದುಕಿ ತೀರಿಕೊಂಡ. ಒಂದೇ ಬಸಿರು, ಎರಡು ದಾರಿ!

ಎಲ್ರೋಸನ ವಂಶದಲ್ಲಿ ಬರ್ತಾ ಬರ್ತಾ ಆಯುಷ್ಯ ಕಮ್ಮಿಯಾಯಿತು. ಕೊನೆಗೆ ಬಂದ ಅರಗಾರ್ನ್ ಬದುಕಿದ್ದು 210 ವರ್ಷ. ಓದುವಾಗ ಹಾಲಿಗೆ ನೀರು ಬೆರೆಸಿದ ಹಾಗೆ ಅನ್ನಿಸುತ್ತೆ. ಆದರೆ ನಮ್ಮ ವಿಜ್ಞಾನ ಪಾಠದ ಮೆಂಡಲ್ 1866ರಲ್ಲೇ ಬೇರೆ ಮಾತು ಬರೆದಿದ್ದರು. ಎತ್ತರದ ಬಟಾಣಿಗೂ ಗಿಡ್ಡ ಬಟಾಣಿಗೂ ಹುಟ್ಟಿದ ಗಿಡಗಳೆಲ್ಲ ಎತ್ತರ, ನಡು ಎತ್ತರ ಅಲ್ಲ. ಗಿಡ್ಡ ಗುಣ ಕಳೆದುಹೋಯ್ತು ಅಂದ್ಕೋಬೇಡಿ, ಮುಂದಿನ ತಲೆಮಾರಿನಲ್ಲಿ 787 ಎತ್ತರದವು, 277 ಗಿಡ್ಡವು ಬಂದವು. ಗುಣ ಅಡಗಿರುತ್ತೆ, ಕರಗೋದಿಲ್ಲ. ಟೋಲ್ಕೀನ್ ಕಥೆಯಲ್ಲೂ ಇಂಥದ್ದೊಂದು ಇದೆ. ಇಮ್ರಾಹಿಲ್ ಎಂಬ ದೊರೆಯನ್ನು ಕಂಡ ಕೂಡಲೇ ಎಲ್ಫ್ ಜನದ ಲೆಗೊಲಾಸ್, ಇವನಲ್ಲಿ ನಮ್ಮವರ ರಕ್ತ ಇದೆ ಅಂತ ಗುರುತಿಸ್ತಾನೆ. ನನ್ನ ಮೂಗು ನೋಡಿ ಅವ್ವನ ತವರಿನವರು ಹೇಳೋದೂ ಇದನ್ನೇ.

ಒಂದು ವಿಷಯ ಮಾತ್ರ ನನಗೆ ಹಿಡಿಸಲಿಲ್ಲ. ಎಲ್ಫ್ ಬೆರಕೆಯವರನ್ನು ಕೇಳಿದ ಹಾಗೆ ಓರ್ಕ್ ಬೆರಕೆಯವರನ್ನು ಯಾರೂ ಕೇಳೋದಿಲ್ಲ. ಓರ್ಕ್ ಅಂದರೆ ನಮ್ಮ ಕಥೆಗಳ ರಾಕ್ಷಸರ ಹಾಗೆ. ಬ್ರೀ ಎಂಬ ಊರಿನ ಛತ್ರದಲ್ಲಿ ಮಂಕು ಬಣ್ಣದ, ಮೆಳ್ಳೆಗಣ್ಣಿನ ಒಬ್ಬ ಬರ್ತಾನೆ. ಅವನ ಮುಖ ನೋಡಿಯೇ ಅನುಮಾನ. ಅವನು ಮಾಡಿದ್ದೂ ಕೆಟ್ಟ ಕೆಲಸವೇ, ಇಲ್ಲ ಅನ್ನಲ್ಲ. ಆದರೆ ಅವನ ಹೆಸರೇನು, ಅವನ ತಾಯಿ ಯಾರು ಅಂತ ಪುಸ್ತಕದಲ್ಲಿ ಹುಡುಕಿದೆ. ಎಲ್ಲೂ ಇಲ್ಲ.