ದೃಷ್ಟಿನರ ಒಣಗಿದರೆ ಆಸೆ ಎಲ್ಲಿಡಬೇಕು, ಹಣ ಎಲ್ಲಿಡಬೇಕು?



"ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಹೋದ ದೃಷ್ಟಿ ಬರುತ್ತದೆ" ಎಂಬ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ಮನೆಯಲ್ಲಿ ಅಪ್ಪನಿಗೋ ಅಕ್ಕನಿಗೋ ದೃಷ್ಟಿನರ ಹಾಳಾಗಿದ್ದರೆ, ಊರಿನ ಜಾಗ ಮಾರೋಣವೇ, ಬಂಗಾರ ಅಡವಿಡೋಣವೇ ಎಂಬ ಮಾತು ಬರುತ್ತದೆ. ಅದಕ್ಕೂ ಮೊದಲು ಇದನ್ನು ಓದಿ.

*ಹೋದದ್ದು ಯಾಕೆ ಬರುವುದಿಲ್ಲ?*
ಕಣ್ಣು ಕಂಡದ್ದನ್ನು ಮಿದುಳಿಗೆ ಮುಟ್ಟಿಸುವುದು ದೃಷ್ಟಿನರ. ಅದರಲ್ಲಿ ಸುಮಾರು 10 ಲಕ್ಷ ಸೂಕ್ಷ್ಮ ಎಳೆಗಳಿವೆ. ಕೈಕಾಲಿನ ನರ ನಿಧಾನವಾಗಿ ಮತ್ತೆ ಬೆಳೆಯಬಲ್ಲದು. ದೃಷ್ಟಿನರ ಮಿದುಳಿನದೇ ಭಾಗ; ಸತ್ತ ಎಳೆ ಮತ್ತೆ ಚಿಗುರುವುದಿಲ್ಲ. ನೇತ್ರದಾನದ ಕಣ್ಣಿನಿಂದ ಕಸಿ ಮಾಡುವುದು ಮುಂಭಾಗದ ಕಾರ್ನಿಯಾವನ್ನು. ಅದರಿಂದ ನರ ಸರಿಯಾಗದು. 2023ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬರಿಗೆ ಇಡೀ ಕಣ್ಣನ್ನೇ ಕಸಿ ಮಾಡಿದರು. ಕಣ್ಣಿನಲ್ಲಿ ರಕ್ತ ಹರಿಯಿತು, ದೃಷ್ಟಿ ಬರಲಿಲ್ಲ.

*ಊದಿದ ನರ ಬೇರೆ, ಒಣಗಿದ ನರ ಬೇರೆ*
ಉರಿಯೂತದಿಂದ ನರ ಊದಿದ್ದರೆ, ಗಡ್ಡೆಯೊಂದು ಒತ್ತುತ್ತಿದ್ದರೆ, ಬೇಗ ಚಿಕಿತ್ಸೆ ಸಿಕ್ಕಾಗ ದೃಷ್ಟಿ ಸುಧಾರಿಸುವ ಸಾಧ್ಯತೆ ಇದೆ. ಆದ್ದರಿಂದ ಒಂದು ಕಣ್ಣು ದಿಢೀರನೆ ಮಂಜಾದರೆ "ಭಾನುವಾರ ನೋಡೋಣ" ಎನ್ನಬೇಡಿ, ಅದೇ ದಿನ ಹೋಗಿ. ಜೆಜೆ, ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗವಿದೆ.

*ಉಳಿದದ್ದನ್ನು ಕಾಯುವುದು ಹೇಗೆ?*
1. ಗ್ಲುಕೋಮಾ ಸಾಮಾನ್ಯವಾಗಿ ನೋವಿಲ್ಲದೆ, ಅಂಚಿನ ದೃಷ್ಟಿಯನ್ನು ಮೊದಲು ತಿನ್ನುತ್ತದೆ. ಡ್ರಾಪ್ಸ್ ಹಾಕಿದರೂ "ಏನೂ ವ್ಯತ್ಯಾಸ ಕಾಣಲಿಲ್ಲ" ಎಂದು ಬಿಡುವವರಿದ್ದಾರೆ. ಡ್ರಾಪ್ಸ್ ಇರುವುದು ಒತ್ತಡ ಇಳಿಸಿ ಉಳಿದ ಎಳೆಗಳನ್ನು ಕಾಯಲು. ಊರಿಗೆ ಹೋಗುವಾಗ ಬಟ್ಟೆಗಿಂತ ಮೊದಲು ಬಾಟಲಿ ಚೀಲಕ್ಕೆ ಹಾಕಿ. ಹಳೆಯ ರಿಪೋರ್ಟುಗಳ ಫೈಲೂ ಜೊತೆಗಿರಲಿ. ಊರಿನ ಡಾಕ್ಟರಿಗೆ ಹೋಲಿಸಿ ನೋಡಲು ಅದು ಬೇಕು.
2. ಒಬ್ಬರಿಗೆ ಗ್ಲುಕೋಮಾ ಇದ್ದರೆ ಒಡಹುಟ್ಟಿದವರಿಗೆ, ಮಕ್ಕಳಿಗೆ ಅಪಾಯ ಹೆಚ್ಚು. ಎಲ್ಲರೂ ಒಮ್ಮೆ ಪರೀಕ್ಷಿಸಿಕೊಳ್ಳಿ.
3. ಟಿಬಿ ಚಿಕಿತ್ಸೆಯಲ್ಲಿರುವವರು ಗಮನಿಸಿ: ಎಥಾಂಬುಟಾಲ್ ಮಾತ್ರೆ ಕೆಲವರಲ್ಲಿ ದೃಷ್ಟಿನರಕ್ಕೆ ತೊಂದರೆ ಕೊಡುತ್ತದೆ. ಅಕ್ಷರ ಮಸುಕಾದರೆ, ಕೆಂಪು-ಹಸಿರು ಮಂಕಾದರೆ ಅದೇ ದಿನ ಡಾಕ್ಟರಿಗೆ ಹೇಳಿ. ಟಿಬಿ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.
4. ಕಣ್ಣು ಕೆಂಪಾದಾಗಲೆಲ್ಲ ಮೆಡಿಕಲ್‌ನಿಂದ ಸ್ಟೀರಾಯ್ಡ್ ಡ್ರಾಪ್ಸ್ ತಂದು ಹಾಕಬೇಡಿ. ಬಹಳ ದಿನ ಹಾಕಿದರೆ ಅದರಿಂದಲೇ ಗ್ಲುಕೋಮಾ ಬರಬಹುದು.

*ಹಾಗಾದರೆ ಆಸೆಯೇ ಇಲ್ಲವೇ?*
ಇದೆ. ಸಂಶೋಧನೆ ನಡೆಯುತ್ತಿದೆ. ಲೀಬರ್ ಎಂಬ ವಂಶವಾಹಿ ದೃಷ್ಟಿನರ ರೋಗಕ್ಕೆ ಐಡಿಬಿನೋನ್ ಎಂಬ ಮಾತ್ರೆಗೆ 2015ರಲ್ಲಿ ಯೂರೋಪ್ ಒಪ್ಪಿಗೆ ಕೊಟ್ಟಿತು. ಆದರೆ ಒಂದು ರೋಗದ ಮದ್ದು ಎಲ್ಲಕ್ಕೂ ಅಲ್ಲ. ದೃಷ್ಟಿನರಕ್ಕೆ ಸ್ಟೆಮ್ ಸೆಲ್ ಇಂದಿಗೂ ಪ್ರಯೋಗದ ಹಂತದಲ್ಲೇ ಇದೆ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಇಂಥದ್ದನ್ನು ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಕೊಡುವಂತಿಲ್ಲ, ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಎರಡೇ ಪ್ರಶ್ನೆ ಕೇಳಿ: "ನಿಮ್ಮ ಸಿಟಿಆರ್‌ಐ ನೋಂದಣಿ ಸಂಖ್ಯೆ ಎಷ್ಟು? ಪ್ರಯೋಗವಾದರೆ ಹಣ ಯಾಕೆ?" ಉತ್ತರ ಸರಿ ಬರದಿದ್ದರೆ ಎದ್ದು ಬನ್ನಿ.

*ದೃಷ್ಟಿ ಈಗಾಗಲೇ ಕಡಿಮೆಯಾದವರಿಗೆ*
ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ; ಅದು ಮುಂಬಯಿಯಲ್ಲೂ ಊರಲ್ಲೂ ನಡೆಯುತ್ತದೆ. 1952ರಿಂದ ಕೆಲಸ ಮಾಡುತ್ತಿರುವ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್ ವರ್ಲಿಯಲ್ಲಿದೆ. ಸೇಂಟ್ ಝೇವಿಯರ್ಸ್ ಕಾಲೇಜಿನ ದೃಷ್ಟಿಹೀನರ ಕೇಂದ್ರವೂ ಇದೆ. ರಿಸರ್ವ್ ಬ್ಯಾಂಕಿನ 'ಮಣಿ' ಆ್ಯಪ್ ನೋಟು ಎಷ್ಟರದ್ದೆಂದು ಹೇಳುತ್ತದೆ. ಬಿಳಿ ಕೋಲು ಹಿಡಿಯಲು ನಾಚಿಕೆ ಬೇಡ; ಲೋಕಲ್ ಹತ್ತಿ ಇಳಿಯುವವರಿಗೆ ಅದೇ ರಕ್ಷಣೆ. ಮನೆಯವರೂ ಅಷ್ಟೇ, ಹೇಳದೆ ಕುರ್ಚಿ, ಚಪ್ಪಲಿಗಳ ಜಾಗ ಬದಲಿಸಬೇಡಿ.

ಜಾಗ ಮಾರಿ ಹೋದ ದೃಷ್ಟಿಯ ಬೆನ್ನು ಹತ್ತಬೇಡಿ. ಇರುವಷ್ಟನ್ನು ಕಾಯಿರಿ, ನಾಳೆ ನಿಜವಾದ ಮದ್ದು ಬಂದರೆ ಅದಕ್ಕೂ ಬದುಕಿರುವ ನರ ಬೇಕಾದೀತು.

ನಿಮ್ಮ ಡಾಕ್ಟರ ಸಲಹೆಯೇ ಕೊನೆಯ ಮಾತು. ಉಪಯೋಗವೆನಿಸಿದರೆ ಊರಿನ ಗ್ರೂಪಿಗೂ ಕಳಿಸಿ.