ಮೈಕ್ ಇಲ್ಲದ ಬಲಗೈ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಮುತ್ತ ಗಿಟಾರ್ ಎಂದರೆ ರಸಮಂಜರಿಯ ಗಿಟಾರ್. ಗಣೇಶನ ಹಬ್ಬ, ಜಾತ್ರೆ, ಆರತಕ್ಷತೆ. ಹಿಂದೆ ಕೀಬೋರ್ಡು, ಪಕ್ಕದಲ್ಲಿ ರಿದಂ ಪ್ಯಾಡು, ವೇದಿಕೆಯ ಎರಡೂ ಬದಿಗೆ ಆಳೆತ್ತರದ ಸ್ಪೀಕರು. ಅಲ್ಲಿ ಗಿಟಾರಿನವನ ಬಲಗೈಗೆ ಹೆಚ್ಚು ಕೆಲಸವಿಲ್ಲ. ಅಂಗೈ ಅಂಚನ್ನು ಬ್ರಿಜ್ ಮೇಲೆ ಊರಿ, ಬಳುಕುವ ತೆಳ್ಳನೆಯ ಪಿಕ್ಕಿನಿಂದ ತಂತಿ ಸವರಿದರೆ ಸಾಕು. ಉಳಿದದ್ದನ್ನು ಮಿಕ್ಸರ್ ನೋಡಿಕೊಳ್ಳುತ್ತದೆ. ನನ್ನ ಕೈ ಪಳಗಿದ್ದೂ ಅಲ್ಲಿಯೇ.

ಅದೇ ಕೈಯಲ್ಲಿ ಜಿಪ್ಸಿ ಜಾಝ್ ಗಿಟಾರಿನ ಜಾಂಗೋ ರೈನ್‌ಹಾರ್ಟ್‌ನನ್ನು ನುಡಿಸಲು ಹೋದರೆ ಸ್ವರಗಳೆಲ್ಲ ಸರಿ, ಸದ್ದು ಮಾತ್ರ ಅವನದಲ್ಲ.

ಜಾಂಗೋ 1910ರಲ್ಲಿ ಬೆಲ್ಜಿಯಂನಲ್ಲಿ, ಮನೂಷ್ ಎಂಬ ಅಲೆಮಾರಿ ಜಿಪ್ಸಿ ಸಮುದಾಯದಲ್ಲಿ ಹುಟ್ಟಿದವನು. 1928ರಲ್ಲಿ ವಾಸದ ಬಂಡಿಗೆ ಬೆಂಕಿ ಬಿದ್ದು ಅವನ ಎಡಗೈಯ ಎರಡು ಬೆರಳು ಮುರುಟಿದವು. ಉಳಿದೆರಡು ಬೆರಳಿನಲ್ಲೇ ಅವನು ನುಡಿಸಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಹಾಗಾಗಿ ಕಲಿಯುವವರ ಕಣ್ಣೆಲ್ಲ ಎಡಗೈ ಮೇಲೆ. ಬಲಗೈ ಆ ಹೊತ್ತಿಗಾಗಲೇ ಬೇರೆ ಕಡೆ ತಯಾರಾಗಿತ್ತು. ಬೆಂಕಿಗೆ ಮುಂಚೆ ಪ್ಯಾರಿಸ್ಸಿನ ನೃತ್ಯಶಾಲೆಗಳಲ್ಲಿ ಅವನು ಅಕಾರ್ಡಿಯನ್ ಪಕ್ಕ ಕೂತು ಬ್ಯಾಂಜೊ ನುಡಿಸುತ್ತಿದ್ದ. ಅಕಾರ್ಡಿಯನ್ನಿನ ಗಂಟಲು ದೊಡ್ಡದು, ಕುಣಿಯುವವರ ಬೂಟಿನ ಸದ್ದು ಅದಕ್ಕಿಂತ ದೊಡ್ಡದು, ಆಂಪ್ಲಿಫೈಯರ್ ಅನ್ನುವ ಮಾತೇ ಇಲ್ಲ. ಕೇಳಿಸಬೇಕೆಂದರೆ ಕೈಯೇ ದುಡಿಯಬೇಕು. 1934ರಲ್ಲಿ ಪಿಟೀಲು ವಾದಕ ಸ್ಟೆಫಾನ್ ಗ್ರಪೆಲಿ ಜೊತೆ ಕಟ್ಟಿದ ತಂಡದಲ್ಲೂ ಡ್ರಮ್ ಇರಲಿಲ್ಲ. ಮೂರು ಗಿಟಾರು, ಒಂದು ಪಿಟೀಲು, ಒಂದು ಡಬಲ್ ಬಾಸ್, ಅಷ್ಟೆ. ಜಿಪ್ಸಿ ಜಾಝ್‌ನ ಪಿಕಿಂಗ್ ನಿಯಮಗಳು ವಿಚಿತ್ರವೆನಿಸಿದಾಗಲೆಲ್ಲ ಈ ಹಿನ್ನೆಲೆ ನೆನೆದರೆ ಅರ್ಧ ಗೊಂದಲ ಕರಗುತ್ತದೆ. ಅವು ವೇಗಕ್ಕಾಗಿ ಹುಟ್ಟಿದವಲ್ಲ, ಜೋರಿಗಾಗಿ ಹುಟ್ಟಿದವು. ವೇಗ ಆಮೇಲೆ ಬಂದದ್ದು.

ಮೊದಲ ನಿಯಮ, ಕೈ ಎಲ್ಲೂ ಊರಬಾರದು. ಮುಂಗೈ ಗಿಟಾರಿನ ಮೇಲಂಚಿಗೆ ತಾಗುತ್ತದೆ, ಮಣಿಕಟ್ಟು ಸ್ವಲ್ಪ ಬಾಗಿ ತಂತಿಗಳಿಂದ ಮೇಲೆ ತೇಲುತ್ತದೆ. ಎರಡನೆಯದು, ಕೆಳಮುಖವಾಗಿ ಮೀಟಿದ ಪಿಕ್ ಗಾಳಿಯಲ್ಲಿ ನಿಲ್ಲದೆ ಕೆಳಗಿನ ತಂತಿಗೆ ಬಂದು ಒರಗಬೇಕು. ಹೀಗೆ ಒರಗುವ ಮೀಟಿಗೆ ಕೈಯ ತೂಕವೇ ಸಾಕು, ಬಲ ಹಾಕಬೇಕಿಲ್ಲ. ಮೂರನೆಯದೇ ರಸಮಂಜರಿ ಕೈಗೆ ಕಬ್ಬಿಣದ ಕಡಲೆ: ತಂತಿ ಬದಲಾದಾಗಲೆಲ್ಲ ಮೊದಲ ಮೀಟು ಕೆಳಮುಖವೇ ಇರಬೇಕು. ಹಿಂದಿನ ಮೀಟು ಕೆಳಮುಖವಾಗಿದ್ದರೂ ಸರಿ, ಇನ್ನೊಮ್ಮೆ ಕೆಳಕ್ಕೆ. ಸಾಮಾನ್ಯ ಗಿಟಾರ್ ತರಗತಿಯಲ್ಲಿ ಕಲಿಸುವ ‘ಕೆಳಗೆ, ಮೇಲೆ, ಕೆಳಗೆ, ಮೇಲೆ’ ಲೆಕ್ಕ ಇಲ್ಲಿ ಮುರಿದುಬೀಳುತ್ತದೆ.

ಮಂದ್ರದಿಂದ ಏರುವಾಗ ಈ ನಿಯಮ ಸುಖವೇ. ಒಂದು ತಂತಿಯನ್ನು ಮೀಟಿದ ಪಿಕ್ ಮುಂದಿನದಕ್ಕೆ ಒರಗಿಯೇ ಇರುತ್ತದೆ, ಅಲ್ಲಿಂದ ತಳ್ಳಿದರಾಯಿತು. ಇಳಿಯುವಾಗ ಕಷ್ಟ. ಪಿಕ್ ಕೆಳಗಿನ ತಂತಿಗೆ ಒರಗಿದೆ, ಮುಂದಿನ ಸ್ವರ ಮೇಲಿನ ತಂತಿಯಲ್ಲಿದೆ. ಎರಡು ತಂತಿ ಹಾರಿ ಹಿಂದಕ್ಕೆ ಬಂದು ಮತ್ತೆ ಕೆಳಕ್ಕೇ ಬೀಳಬೇಕು. ಇದನ್ನು ಪಳಗಿಸಲು ನಾನು ಹಿಡಿದದ್ದು 1937ರಲ್ಲಿ ಧ್ವನಿಮುದ್ರಣವಾದ ‘ಮೈನರ್ ಸ್ವಿಂಗ್’. ಅದರ ಕಾರ್ಡುಗಳು ಸರಳ: ಎ ಮೈನರ್, ಡಿ ಮೈನರ್, ಇ ಸೆವೆನ್. ಒಂದೊಂದು ಕಾರ್ಡಿನ ಸ್ವರಗಳನ್ನೂ ಬಿಡಿಸಿ, ಮೆಟ್ರೊನೋಮನ್ನು 60ಕ್ಕೆ ಇಟ್ಟು, ಇಳಿಕೆಯನ್ನು ಮಾತ್ರ ನುಡಿಸುವುದು. ಮುಂಗೈ ನೋಯತೊಡಗಿದರೆ ಕೈ ಬಿಗಿಯುತ್ತಿದೆ ಎಂದರ್ಥ. ಆಗ ನಿಲ್ಲಿಸುವುದೇ ವಾಸಿ. ನೋವನ್ನು ಸಾಧನೆ ಎಂದುಕೊಂಡು ಮುಂದುವರಿಸುವ ಹುಡುಗರು ಎಲ್ಲ ಊರಲ್ಲೂ ಇದ್ದಾರೆ.

ಮೈಕ್ ಇಲ್ಲದ ಬಲಗೈ ಹೇಗಿರುತ್ತದೆಂದು ನೋಡಲು ಪ್ಯಾರಿಸ್ಸಿಗೆ ಹೋಗಬೇಕಿಲ್ಲ. ಭರತ ಹುಣ್ಣಿಮೆಗೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಗುಡ್ಡ ಹತ್ತಿದರೆ ಚೌಡಿಕೆ ಸಿಗುತ್ತದೆ. ಟೊಳ್ಳು ಕೊಳಗ, ತಳಕ್ಕೆ ಬಿಗಿದ ಚರ್ಮ, ಅದರಿಂದ ಹೊರಟ ಒಂದೇ ತಂತಿ. ಅದನ್ನು ಎಡಗಂಕುಳಲ್ಲಿ ಅವುಚಿಕೊಂಡ ಜೋಗತಿ ಬಲಗೈಯಿಂದ ಮೀಟುತ್ತಾಳೆ, ತಂತಿಯ ಬಿಗಿ ಬದಲಾದಂತೆ ಸ್ವರ ಏರಿಳಿಯುತ್ತದೆ. ಈ ಸೀಮೆಯ ಕಾಳವ್ವ ಜೋಗತಿಯವರ ತಂಡದಲ್ಲಿ ಬೆಳೆದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಜೋಗತಿ ನೃತ್ಯ ನೋಡುವವರ ಕಣ್ಣು ತಲೆಯ ಮೇಲಿನ ಕೊಡವನ್ನು ಬಿಟ್ಟು ಕದಲುವುದಿಲ್ಲ. ಗಿಟಾರಿನವರು ನೋಡಬೇಕಾದದ್ದು ಹಿಂದೆ ನಿಂತ ಚೌಡಿಕೆಯವರ ಮಣಿಕಟ್ಟನ್ನು. ಆ ಕೈ ಎಲ್ಲೂ ಊರಿರುವುದಿಲ್ಲ. ಮೀಟಿದ ಮರುಕ್ಷಣ ಸಡಿಲ. ಅದಕ್ಕೇ ಅದು ಜಾತ್ರೆಯ ಗದ್ದಲದ ನಡುವೆ ಗಂಟೆಗಟ್ಟಲೆ ದಣಿಯದೆ ನುಡಿಯುತ್ತದೆ.

ಮೀಟಿನ ದಿಕ್ಕಿಗೂ ನಮ್ಮಲ್ಲಿ ಹಳೆಯ ಶಿಸ್ತಿದೆ. ಇಂಗ್ಲಿಷ್ ಅಧ್ಯಾಪನ ಬಿಟ್ಟು ಅಲಿ ಅಕ್ಬರ್ ಖಾನರ ಶಿಷ್ಯರಾಗಿ ನಡೆದ, ‘ಸಂಸ್ಕಾರ’ ಚಿತ್ರಕ್ಕೆ ಸಂಗೀತ ಕೊಟ್ಟ ರಾಜೀವ ತಾರಾನಾಥರ (1932–2024) ಸರೋದಿನಲ್ಲಿ ಕೆಳಮುಖದ ಮೀಟು ‘ದಾ’, ಮೇಲ್ಮುಖದ್ದು ‘ರಾ’. ಧಾರವಾಡದಲ್ಲಿ ಸಿತಾರ್ ಪರಂಪರೆ ಬೇರೂರಿಸಿದ ರಹಿಮತ್ ಖಾನರ ವಾದ್ಯದಲ್ಲಿ ಇದೇ ತಿರುಗುಮುರುಗು: ಮಿಜ್ರಾಬ್ ತೊಟ್ಟ ತೋರುಬೆರಳು ಒಳಕ್ಕೆ ಎಳೆದದ್ದು ‘ದಾ’. ಎರಡರಲ್ಲೂ ಗಟ್ಟಿ ಮೀಟು ಯಾವುದು, ಅದು ಎಲ್ಲಿ ಬೀಳಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ನಾನು ಜಾಂಗೋನ ಸಾಲುಗಳನ್ನು ಮೊದಲು ಬಾಯಲ್ಲಿ ‘ದಾ ದಾ ರಾ ದಾ’ ಎಂದು ಹೇಳಿಕೊಂಡು ಆಮೇಲೆ ಗಿಟಾರ್ ಹಿಡಿಯುತ್ತೇನೆ. ಕಾಗದದ ಮೇಲೆ ಬಾಣದ ಗುರುತು ಹಾಕುವುದಕ್ಕಿಂತ ಇದು ಬೇಗ ಕೈಗೆ ಹತ್ತುತ್ತದೆ.

ಸರೋದಿನಿಂದ ಸಿಕ್ಕ ಇನ್ನೊಂದು ಉಪಕಾರ ತೆಂಗಿನ ಕರಟ. ಸರೋದನ್ನು ಮೀಟುವ ‘ಜವಾ’ ಮಾಡುವುದು ಅದರಿಂದಲೇ. ಜಿಪ್ಸಿ ವಾದಕರು ಹಿಂದೆ ಆಮೆಚಿಪ್ಪಿನ ದಪ್ಪ ಪಿಕ್ ಬಳಸುತ್ತಿದ್ದರು; ಅದರ ವ್ಯಾಪಾರಕ್ಕೆ ಈಗ ನಿಷೇಧವಿದೆ, ಇರಬೇಕಾದದ್ದೇ. ಮೂರು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಪಿಕ್ ನಮ್ಮ ಕಡೆಯ ಅಂಗಡಿಯಲ್ಲಿ ಕೇಳಿದರೆ ಇಲ್ಲವೆನ್ನುತ್ತಾರೆ. ಕರಟದ ತುಂಡನ್ನು ಒರಟು ಕಲ್ಲಿನ ಮೇಲೆ ಉಜ್ಜಿ, ಆಮೇಲೆ ಉಪ್ಪುಕಾಗದದಲ್ಲಿ ನಯಮಾಡಿದರೆ ಬಳುಕದ, ತುದಿ ದುಂಡಗಿನ ಪಿಕ್ ಆಗುತ್ತದೆ. ಪಿಕ್ ಬಳುಕದಿದ್ದಾಗ ಕೈಯೇ ಸಡಿಲವಾಗಬೇಕಾಗುತ್ತದೆ, ಬೇರೆ ದಾರಿಯಿಲ್ಲ. ತೆಳುವಾದ ಪಿಕ್ ಆ ಪಾಠವನ್ನು ಕಲಿಸುವುದೇ ಇಲ್ಲ.

ಒಂದು ಮಾತು ಬದಿಗೆ. ಜಿಪ್ಸಿಗಳ ರೋಮಾನಿ ಭಾಷೆಯ ಮೂಲ ಭಾರತದ್ದು. ನಮ್ಮ ತಾಂಡಾಗಳ ಲಂಬಾಣಿಯೂ ಅದೇ ಇಂಡೋ-ಆರ್ಯನ್ ಕುಲದ ನುಡಿ. ಅಷ್ಟು ಹಿಡಿದುಕೊಂಡು ಜಾಂಗೋನನ್ನು ಹಡಗಲಿಯ ನಂಟನಾಗಿಸುವ ಉತ್ಸಾಹಿಗಳಿದ್ದಾರೆ. ನಾನು ಆ ತಂತಿಯನ್ನು ಅಷ್ಟು ದೂರ ಎಳೆಯಲಾರೆ.

ಹಳೆಯ ತಂಡದ ಕೀಬೋರ್ಡ್ ಹುಡುಗನೊಬ್ಬ ನಾನೀಗ ನುಡಿಸುವ ಮೈಕಿಲ್ಲದ ಗಿಟಾರನ್ನು ತಿರುಗಿಸಿ ನೋಡಿ, “ಅಣ್ಣಾ, ಇದರಾಗ ವಾಲ್ಯೂಮ್ ಎಲ್ಲೈತಿ?” ಎಂದು ಕೇಳಿದ್ದ. ಈಗ ಅವನೇ ‘ಲಾ ಪೊಂಪ್’ ಕಲಿಯುತ್ತಿದ್ದಾನೆ. ಡ್ರಮ್ಮಿನ ಕೆಲಸವನ್ನು ಗಿಟಾರಿನಿಂದಲೇ ಮಾಡಿಸುವ ಲಯದ ಮೀಟು ಅದು. ಎರಡನೆಯ, ನಾಲ್ಕನೆಯ ಎಣಿಕೆಗೆ ಒತ್ತು ಬಿದ್ದು, ಎಡಗೈ ಸಡಿಲಿಸಿದ ಕೂಡಲೇ ನಾದ ಕತ್ತರಿಸಬೇಕು. ಎರಡನೆಯ ಎಣಿಕೆಯಲ್ಲಿ ಅವನು ಇನ್ನೂ ಓಡುತ್ತಾನೆ, ನನ್ನ ಇಳಿಕೆ ವೇಗ ಏರಿದಂತೆ ತೊದಲುತ್ತದೆ. ಇಬ್ಬರೂ ಮೆಟ್ರೊನೋಮಿನ 120ರಲ್ಲಿ ನಿಂತಿದ್ದೇವೆ.