ಹೊಳೆ ದಾಟುವ ರಜೆಗೆ ಒಂದು ದಿನದ ದುಡ್ಡು ಹೆಚ್ಚಿಗೆ

ಪ್ರವಾಸದ ಖರ್ಚು ಬರೆಯಲು ಕೂತವರು ಮೊದಲು ಬರೆಯುವುದು ರೈಲಿನ ಟಿಕೆಟ್, ಆಮೇಲೆ ಕೋಣೆಯ ಬಾಡಿಗೆ, ಆಮೇಲೆ ಊಟ. ನಾನು ಮೊದಲು ಬರೆಯುವುದು ನೀರಿನ ಲೆಕ್ಕ. ಕಂಪ್ಲಿ ನನ್ನ ತವರು, ಹೊಸಪೇಟೆ ಗಂಡನ ಮನೆ. ಎರಡೂ ಊರಿಗೆ ತುಂಗಭದ್ರೆಯೇ ದಿಕ್ಕು. ಕಂಪ್ಲಿ–ಗಂಗಾವತಿ ಸೇತುವೆ ದೊಡ್ಡ ಪ್ರವಾಹ ಬಂದಾಗಲೆಲ್ಲ ಮುಳುಗುವುದನ್ನು ನೋಡುತ್ತಲೇ ಬೆಳೆದೆ. ಆಚೆ ದಂಡೆಯಲ್ಲಿ ಮದುವೆಯಿದ್ದರೆ ಅಮ್ಮ ಒಂದು ದಿನ ಮೊದಲೇ ಬುತ್ತಿ ಕಟ್ಟುತ್ತಿದ್ದಳು. ಬ್ಯಾಂಕಿನಲ್ಲಿ ಇಷ್ಟು ವರ್ಷ ದುಡಿದ ಮೇಲೂ ನೀರು ದಾಟುವ ಪ್ರವಾಸಕ್ಕೆ ಅಮ್ಮನ ಆ ಒಂದು ದಿನಕ್ಕಿಂತ ಒಳ್ಳೆಯ ಹಣಕಾಸಿನ ಸೂತ್ರ ನನಗೆ ಸಿಕ್ಕಿಲ್ಲ.

ಇದನ್ನು ಈಗ ಬರೆಯಲು ಕಾರಣ ಅಕ್ಕನ ಮಗಳು. ಬೆಂಗಳೂರಿನಲ್ಲಿ ಕೆಲಸ ಮಾಡುವ ಅವಳು ಗಂಡನ ಜೊತೆ ಗ್ರೀಸಿನ ನಾಕ್ಸೋಸ್ ದ್ವೀಪಕ್ಕೆ ಹೋಗಬೇಕೆಂದು ಖರ್ಚಿನ ಪಟ್ಟಿ ಮಾಡಿ ನನಗೆ ಕಳಿಸಿದ್ದಳು. ಜೊತೆಗೆ ಫೋನೂ ಬಂತು: “ಚಿಕ್ಕಮ್ಮಾ, ಎಲ್ಲಿ ತೂತು ಐತಿ ನೋಡಿ ಹೇಳ್ರಿ.” ಪಟ್ಟಿ ಚೆನ್ನಾಗಿಯೇ ಇತ್ತು. ಆದರೆ ದ್ವೀಪದಿಂದ ಅಥೆನ್ಸ್‌ನ ಪಿರೇಯಸ್ ಬಂದರಿಗೆ ಬರುವ ಹಡಗೂ, ಅಲ್ಲಿಂದ ಊರಿಗೆ ಹೊರಡುವ ವಿಮಾನವೂ ಒಂದೇ ದಿನ ಇದ್ದವು. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ಟೆಮಿ ಎಂಬ ಗಾಳಿ ಬೀಸುತ್ತದೆ. ಗಾಳಿ ಜೋರಾದರೆ ಬಂದರಿನ ಅಧಿಕಾರಿಗಳು ಹಡಗುಗಳನ್ನೇ ನಿಲ್ಲಿಸಿಬಿಡುತ್ತಾರೆ. ಹಡಗು ರದ್ದಾದರೆ ಯುರೋಪಿನ ನಿಯಮದ ಪ್ರಕಾರ ಟಿಕೆಟ್ಟಿನ ಹಣ ವಾಪಸ್ ಬರುತ್ತದೆ, ಇಲ್ಲವೇ ಬೇರೆ ಹಡಗು ಸಿಗುತ್ತದೆ. ಆದರೆ ಬೇರೆಯಾಗಿ ಕೊಂಡ ವಿಮಾನದ ಟಿಕೆಟ್ ತಪ್ಪಿದರೆ ಹಡಗಿನವರು ಅದಕ್ಕೆ ಹೊಣೆಯಲ್ಲ. ಕೊನೆಯ ರಾತ್ರಿಯನ್ನು ದ್ವೀಪದಿಂದ ತೆಗೆದು ಅಥೆನ್ಸ್‌ಗೆ ಹಾಕು ಎಂದೆ. ಒಂದು ರಾತ್ರಿಯ ಬಾಡಿಗೆಯಲ್ಲಿ ಎರಡು ವಿಮಾನ ಟಿಕೆಟ್ ಕಾಯುವ ಕೆಲಸ ಅದು.

ಅವಳ ಪಟ್ಟಿಯಲ್ಲಿ ಹಣ ಕಟ್ಟುವ ಸರದಿಯನ್ನೂ ಬದಲಿಸಿದೆ. ಷೆಂಗೆನ್ ವೀಸಾದ ಶುಲ್ಕ ದೊಡ್ಡವರಿಗೆ 90 ಯೂರೋ, 2024ರ ಜೂನ್‌ನಿಂದ. ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕೇಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಹಾಕಬಹುದಾದ್ದರಿಂದ, ವೀಸಾ ಕೈಗೆ ಬರುವ ತನಕ ರದ್ದು ಮಾಡಿದರೆ ದುಡ್ಡು ವಾಪಸ್ ಕೊಡುವ ಕೋಣೆಗಳನ್ನಷ್ಟೇ ಹಿಡಿಯಬೇಕು. ವೀಸಾಕ್ಕೆಂದು ಅಪ್ಪನ ಖಾತೆಯಿಂದ ಒಮ್ಮೆಲೇ ದೊಡ್ಡ ಮೊತ್ತ ತಂದು ತುಂಬುವ ಅಭ್ಯಾಸ ನಮ್ಮಲ್ಲಿದೆ. ವೀಸಾ ಕೊಡುವವರು ನೋಡುವುದು ಹಲವು ತಿಂಗಳ ಖಾತೆಯ ನಡವಳಿಕೆಯನ್ನು. ತಿಂಗಳು ತಿಂಗಳು ಸಂಬಳ ಬಂದು, ಸ್ವಲ್ಪ ಸ್ವಲ್ಪ ಉಳಿಯುತ್ತ ಹೋದ ಖಾತೆಗೆ ಇರುವ ಬೆಲೆ ನಿನ್ನೆ ಬಂದ ಲಕ್ಷಕ್ಕಿಲ್ಲ. ಗ್ರೀಸ್‌ನಲ್ಲಿ ಕಾರ್ಡ್ ಉಜ್ಜುವಾಗ ಯಂತ್ರ “ರೂಪಾಯಿಯಲ್ಲಿ ಕೊಡುತ್ತೀರಾ?” ಎಂದು ಕೇಳಿದರೆ ಬೇಡ, ಯೂರೋದಲ್ಲೇ ಕೊಡಬೇಕು, ರೂಪಾಯಿ ಆರಿಸಿದರೆ ವಿನಿಮಯದ ದರ ಅವರು ಹಾಕಿದ್ದೇ ಆಗುತ್ತದೆ. ಹೋಟೆಲ್ಲಿನಲ್ಲಿ ಕೋಣೆಗೆ, ರಾತ್ರಿಗೆ ಇಷ್ಟು ಎಂದು ಸರ್ಕಾರದ ಶುಲ್ಕವೂ ಉಂಟು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅದು ಹೆಚ್ಚು. ಬುಕ್ ಮಾಡುವಾಗ ಕಂಡ ಬೆಲೆಯಲ್ಲಿ ಅದು ಸೇರಿರುವುದಿಲ್ಲ ಎಂದೇ ಹಿಡಿದು ಬೇರೆ ಎತ್ತಿಡಬೇಕು.

ಇಷ್ಟು ಹೇಳಿದ ಮೇಲೆ ಅವಳು ಕೇಳಿದ್ದು, “ನೀವು ಗ್ರೀಸ್‌ಗೆ ಹೋಗೇ ಇಲ್ಲ, ಹೆಂಗ ಗೊತ್ತಾತು?” ಕಾಗದಪತ್ರದ್ದು ಬ್ಯಾಂಕಿನಿಂದ ಬಂತು, ಉಳಿದದ್ದು ಹಂಪಿಯ ಎದುರು ದಂಡೆಯ ಆನೆಗೊಂದಿಯಿಂದ.

ನಮ್ಮ ಮನೆಗೆ ರಜೆಗೆ ಬರುವವರೆಲ್ಲರಿಗೂ ಹಂಪಿ ನೋಡಿದ ಮೇಲೆ ಹೊಳೆಯ ಆಚೆ ಎರಡು ದಿನ ಇರುವ ಆಸೆ. ಬಂಡೆಗಳ ನಡುವೆ ಭತ್ತದ ಗದ್ದೆ, ಬಾಳೆತೋಟ, ಸಣಾಪುರದ ಕೆರೆ, ಅಂಜನಾದ್ರಿ, ಹೊಳೆ ನಡುವಿನ ನವಬೃಂದಾವನ. ಒಂದು ಕಾಲಕ್ಕೆ ದೇಶವಿದೇಶದವರು ಹೋಗಿ ಇಳಿಯುತ್ತಿದ್ದುದು ವಿರೂಪಾಪುರ ಗಡ್ಡೆಯಲ್ಲಿ. ಅಲ್ಲಿನ ರೆಸಾರ್ಟ್‌ಗಳು ಅಕ್ರಮವೆಂದು ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟ ಮೇಲೆ ಅವನ್ನು ಮುಂದಿನ ತಿಂಗಳೇ ಕೆಡವಿದರು. ಈಗ ಆನೆಗೊಂದಿ, ಸಣಾಪುರದ ಕಡೆ ಹೋಂಸ್ಟೇಗಳಿವೆ. ಬುಕ್ ಮಾಡುವ ಮೊದಲು ಆ ಜಾಗಕ್ಕೆ ಪರವಾನಗಿ ಇದೆಯೇ ಎಂದು ಕೇಳುವುದು ಬರೀ ಕಾನೂನಿನ ಮಾತಲ್ಲ, ನಿಮ್ಮ ಮುಂಗಡದ ಮಾತು. ಪರವಾನಗಿ ಇಲ್ಲದ ಜಾಗ ನಾಳೆ ಬಾಗಿಲು ಹಾಕಿದರೆ ಆ ಹಣ ಕೇಳಲು ಹೋಗುವುದು ಯಾರ ಹತ್ತಿರ?

ಇನ್ನು ನೀರು. ತಳವಾರಘಟ್ಟದಿಂದ ಆನೆಗೊಂದಿಗೆ, ವಿರೂಪಾಕ್ಷ ಗುಡಿಯ ಕೆಳಗಿನ ಘಟ್ಟದಿಂದ ಆಚೆಗೆ ದೋಣಿ ಇದ್ದರೆ ಕೆಲವೇ ನಿಮಿಷದ ದಾರಿ. ಡ್ಯಾಮಿನಿಂದ ನೀರು ಬಿಟ್ಟರೆ ಪುರಂದರ ಮಂಟಪ ಮುಳುಗುತ್ತದೆ, ದೋಣಿ ನಿಲ್ಲುತ್ತದೆ. ಆಗ ಕಮಲಾಪುರ, ಬುಕ್ಕಸಾಗರದ ಮೇಲೆ ಹೋಗಿ ಸೇತುವೆ ದಾಟಿ ಕಡೆಬಾಗಿಲು ಸೇರಿ ಬರಬೇಕು. ದೋಣಿಗೆ ಕೊಡುವ ಚಿಲ್ಲರೆ ಇದ್ದ ಜಾಗದಲ್ಲಿ ಕಾರಿನ ಬಾಡಿಗೆ ಬಂದು ಕೂರುತ್ತದೆ. ದಿನಾ ಆಚೆ ಈಚೆ ಓಡಾಡುವಂತೆ ಯೋಜನೆ ಹಾಕಿದವರಿಗೆ ಈ ಹೊಡೆತ ಹೆಚ್ಚು. ಅದಕ್ಕೇ ನಾನು ರಾತ್ರಿಗಳನ್ನು ಭಾಗ ಮಾಡುತ್ತೇನೆ: ಮೊದಲು ಈಚೆ ದಂಡೆಯದು ಪೂರ್ತಿ ಮುಗಿಸಿ, ಆಮೇಲೆ ಒಂದೇ ಸಲ ಹೊಳೆ ದಾಟಿ ಅಲ್ಲೇ ಉಳಿಯುವುದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳ ಪೈಕಿ 19ನೆಯದರ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಆ ವಾರ ದಾವಣಗೆರೆಯಿಂದ ನಾದಿನಿಯ ಮನೆಯವರು ಬರುವವರಿದ್ದರು, ಹೊಳೆಯ ಆಚೆ ಕೋಣೆ ಹಿಡಿದಿದ್ದೆ. ಹಣ ಕಳಿಸುವ ಮೊದಲು ನಾನು ಯಾವಾಗಲೂ ಕೇಳುವ ಪ್ರಶ್ನೆಯನ್ನು ಅಲ್ಲಿಯ ಯಜಮಾನರಿಗೂ ಕೇಳಿದ್ದೆ. “ಡ್ಯಾಮ್ ನೀರು ಬಿಟ್ರ ಅಡ್ವಾನ್ಸ್ ಏನ್ ಮಾಡ್ತೀರಣ್ಣ?” “ಮುಂದಿನ ಸಲಕ್ಕ ಹಿಡ್ಕಂತೀವಿ ಬಿಡ್ರೆಕ್ಕ” ಎಂದಿದ್ದರು. ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಬರೆಸಿಕೊಂಡಿದ್ದೆ. ಅದೇ ಮುಂಗಡ ಜನವರಿಯ ಬುಕಿಂಗ್‌ಗೆ ವಜಾ ಆಯಿತು. ಮಾತು ಕೊಟ್ಟವರು ಮಾತು ಉಳಿಸಿಕೊಂಡರು. ಹಾಗಿದ್ದರೂ ಬರೆಸಿಕೊಳ್ಳುವುದು ಒಳ್ಳೆಯದು. ಇಂಥ ದಿನ ಅವರ ಕೋಣೆಗಳೂ ಖಾಲಿ ಬಿದ್ದಿರುತ್ತವೆ, ಅವರಿಗೂ ನಷ್ಟ. ಪೂರ್ತಿ ಹಣ ವಾಪಸ್ ಕೊಡಿ ಎಂದು ಜಗಳಕ್ಕೆ ನಿಲ್ಲುವುದಕ್ಕಿಂತ ದಿನಾಂಕ ಮುಂದಕ್ಕೆ ಹಾಕಿಸಿಕೊಳ್ಳುವುದು ಇಬ್ಬರಿಗೂ ಸರಿ ಎಂದು ನಾನು ನಂಬಿದ್ದೇನೆ.

ಆ ವಾರ ನೆಂಟರು ಬರದೇ ಇರಲಿಲ್ಲ. ಮನೆಯಲ್ಲೇ ಇಳಿಸಿಕೊಂಡು ಸಂಡೂರಿಗೆ ಕರೆದುಕೊಂಡು ಹೋದೆ. ನಮ್ಮ ಸೀಮೆಯ ದೊಡ್ಡ ಅನುಕೂಲವೇ ಇದು. ಹೊಳೆ ತುಂಬಿ ದೋಣಿ ನಿಲ್ಲುವ ತಿಂಗಳುಗಳಲ್ಲೇ ಸಂಡೂರಿನ ಗುಡ್ಡಗಳು ಹಸಿರಾಗಿರುತ್ತವೆ. ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ ಎಂದು ಗಾಂಧೀಜಿ ಹೇಳಿದರೆಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಅವರು ಅಲ್ಲಿಗೆ ಬಂದದ್ದು 1934ರಲ್ಲಿ. ನಾರಿಹಳ್ಳದ ಜಲಾಶಯ, ಕುಮಾರಸ್ವಾಮಿ ಗುಡಿ, ಲಂಬಾಣಿ ಹೆಣ್ಣುಮಕ್ಕಳು ಕಸೂತಿ ಮಾಡುವ ಸಂಡೂರು ಕುಶಲ ಕಲಾ ಕೇಂದ್ರ – ಒಂದು ದಿನಕ್ಕೆ ಧಾರಾಳ. ಅಲ್ಲಿಯ ಕಸೂತಿಗೆ ಜಿಐ ಮಾನ್ಯತೆ ಇದೆ. ಅಲ್ಲಿ ಕೊಟ್ಟ ಹಣ ಸೂಜಿ ಹಿಡಿದ ಕೈಗೆ ಹತ್ತಿರ ಹೋಗುತ್ತದೆ, ಅಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ಅಮ್ಮನ ಆ ಹೆಚ್ಚಿನ ದಿನಕ್ಕೆ ಎಷ್ಟು ಇಡಬೇಕು? ನಾಲ್ಕು ಜನ, ಮೂರು ರಾತ್ರಿ ಎಂದುಕೊಳ್ಳಿ. ಎರಡು ಕೋಣೆಗೆ ತಲಾ 2,000ದಂತೆ 12,000 ರೂಪಾಯಿ, ಊಟ ತಿಂಡಿಗೆ ದಿನಕ್ಕೆ 1,500ರಂತೆ 4,500, ಎರಡು ದಿನದ ಕಾರಿಗೆ 5,000, ಟಿಕೆಟ್, ದೋಣಿ, ಗೈಡ್ ಎಲ್ಲಾ ಸೇರಿ 2,500. ಒಟ್ಟು 24,000. ಹೆಚ್ಚಿನ ದಿನಕ್ಕೆ ಕೋಣೆ 4,000, ಊಟ 1,500, ಕಾರು 2,500, ಅಂದರೆ 8,000. ಇದನ್ನು ಖರ್ಚಿನ ಪಟ್ಟಿಯ ಕೊನೆಯಲ್ಲಿ ‘ಇತರೆ’ ಎಂದು ಬರೆದರೆ ಮೊದಲು ಹಾರಿಹೋಗುವುದು ಅದೇ. ಮೇಲಿನ ಸಾಲಿನಲ್ಲಿ ಬರೆಯಿರಿ. 32,000ಕ್ಕೆ ತಿಂಗಳಿಗೆ 2,700ರಂತೆ ಒಂದು ವರ್ಷದ ಆರ್‌ಡಿ ಮಾಡಿದರೆ ಬಡ್ಡಿ ಬಿಟ್ಟೇ 32,400 ಆಗುತ್ತದೆ. ರಜೆಗೆ ವೈಯಕ್ತಿಕ ಸಾಲ ತೆಗೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ, ಅದು ಹಂಪಿಯಾಗಲಿ ನಾಕ್ಸೋಸ್ ಆಗಲಿ.

ದಿನ ಆರಿಸುವಾಗ ಡಿಸೆಂಬರ್ ಕೊನೆಯ ವಾರ ಬಿಡಿ, ಬಾಡಿಗೆ ಏರಿರುತ್ತದೆ. ಹನುಮಮಾಲೆ ವಿಸರ್ಜನೆಯ ದಿನ ಅಂಜನಾದ್ರಿಯ ಕಡೆ ಕಾಲಿಡಲು ಜಾಗವಿರುವುದಿಲ್ಲ. ಹಂಪಿ ಉತ್ಸವವನ್ನು ಮುಂಚೆ ನವೆಂಬರ್‌ನಲ್ಲಿ ಮಾಡುತ್ತಿದ್ದರು. 2023ರಲ್ಲಿ ಜನವರಿ ಕೊನೆಗೆ, 2024ರಲ್ಲಿ ಫೆಬ್ರವರಿ ಮೊದಲಿಗೆ, 2025ರಲ್ಲಿ ಫೆಬ್ರವರಿ 28ರಿಂದ ಆಯಿತು. ದಿನಾಂಕ ಪ್ರಕಟವಾಗುವ ಮೊದಲು ಉತ್ಸವಕ್ಕೆಂದು ವಾಪಸ್ ಬಾರದ ಹಣ ಕಟ್ಟಬೇಡಿ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬರುವವರಿಗೆ ಟಿಕೆಟ್ ಕಾಯ್ದಿರಿಸುವುದು ಈಗ 60 ದಿನ ಮೊದಲಿನಿಂದ, ಹಿಂದಿನಂತೆ 120 ಅಲ್ಲ. ನವಬೃಂದಾವನಕ್ಕೇ ಬರುವವರಿಗೆ ಫಾಲ್ಗುಣದ ವ್ಯಾಸರಾಜರ ಆರಾಧನೆಯ ಹೊತ್ತು ಸುಲಭ, ಆಗ ಹೊಳೆ ಇಳಿದಿರುತ್ತದೆ. ಆದರೆ ಯಾವ ಕಾಲದಲ್ಲೂ ಜೀವರಕ್ಷಕ ಜಾಕೆಟ್ ಇಲ್ಲದ ತೆಪ್ಪ ಹತ್ತಬೇಡಿ, ಸಣಾಪುರದ ಬಂಡೆಯಿಂದ ಹೊಳೆಗೆ ಹಾರಬೇಡಿ. ಅಲ್ಲಿ ಪ್ರಾಣ ಕಳೆದುಕೊಂಡವರಿದ್ದಾರೆ.

ಸಣ್ಣ ಉಳಿತಾಯದ ಕೆಲವು ಮಾತು. ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಹೊಸಪೇಟೆಯಿಂದ ಹಂಪಿಗೂ ಸಂಡೂರಿಗೂ ಆಧಾರ್ ತೋರಿಸಿ ಹೋಗಬಹುದು. ಆಂಧ್ರದ ರಾಯದುರ್ಗ, ಆದೋನಿ ಕಡೆಯ ನಮ್ಮ ನೆಂಟರಿಗೆ ಇದು ಸಿಗದು, ಅವರಿಗೆ ಬಸ್ಸಿನ ದುಡ್ಡು ಬೇರೆ ಬರೆಯಿರಿ. 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5, ಮುಂಚೆ ಶೇ 12 ಇತ್ತು. ನೋಂದಣಿಯೇ ಇಲ್ಲದ ಸಣ್ಣ ಹೋಂಸ್ಟೇಯವರು ತೆರಿಗೆ ಸೇರಿಸುವಂತಿಲ್ಲ, ಸೇರಿಸಿದ್ದರೆ ಜಿಎಸ್‌ಟಿ ನಂಬರಿರುವ ಬಿಲ್ ಕೇಳಿ. ವಿಜಯವಿಠ್ಠಲ ಗುಡಿಯಲ್ಲಿ ಕೊಳ್ಳುವ 40 ರೂಪಾಯಿ ಟಿಕೆಟ್ಟಿನಲ್ಲೇ ಅದೇ ದಿನ ರಾಣಿಯರ ಆವರಣವನ್ನೂ ಕಮಲಾಪುರದ ಮ್ಯೂಸಿಯಮ್ಮನ್ನೂ ನೋಡಬಹುದು. ಹದಿನೈದು ತುಂಬದ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಶುಕ್ರವಾರ ಮ್ಯೂಸಿಯಂ ರಜೆ, ಆದ್ದರಿಂದ ವಿಠ್ಠಲ ಗುಡಿಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.